ಗಾಯಾಳು ಕಾರ್ಮಿಕನ ಹಕ್ಕಿನ ಹಣಕ್ಕಾಗಿ ದುಡಿದ ಎನ್. ಎಂ. ಜೋಶಿ

ಲೋವರ್ ಪರೇಲ್ ಸ್ಟೇಶನ್ನಿನಲ್ಲಿ ಇಳಿದು ಸೇತುವೆಯ ಕಡೆಗೆ ನಡೆದರೆ ಸಿಗುವ ಉದ್ದನೆಯ ರಸ್ತೆಗೆ ಎನ್. ಎಂ. ಜೋಶಿ ಮಾರ್ಗ ಎಂದು ಹೆಸರು. ಹಳಬರು ಈಗಲೂ ಅದನ್ನು ಡಿಲೈಲ್ ರೋಡ್ ಎಂದೇ ಕರೆಯುತ್ತಾರೆ. 2018ರ ಜುಲೈಯಲ್ಲಿ ಅಲ್ಲಿನ ಸೇತುವೆಯನ್ನು ಮುಚ್ಚಿದಾಗ ಐದು ವರ್ಷ ಇಡೀ ಮುಂಬಯಿ ಆ ರಸ್ತೆಯ ಹೆಸರನ್ನು ಹೇಳಿ ಗೊಣಗಿತು. 2023ರಲ್ಲಿ ಸೇತುವೆ ಪೂರ್ತಿಯಾಗಿ ತೆರೆದ ಮೇಲೆ ಹೆಸರನ್ನೂ ಮರೆಯಿತು. ಆ ಜೋಶಿ ಯಾರು ಎಂದು ನಮ್ಮವರಲ್ಲಿ ಹತ್ತು ಮಂದಿಯನ್ನು ಕೇಳಿದರೆ ಒಬ್ಬರು ಕಾರ್ಪೊರೇಟರ್ ಎನ್ನುತ್ತಾರೆ, ಇನ್ನೊಬ್ಬರು ಡಾಕ್ಟರ್ ಎನ್ನುತ್ತಾರೆ. ನನಗೂ ಬಹಳ ವರ್ಷ ತಿಳಿದಿರಲಿಲ್ಲ.

ತಿಳಿದುಕೊಳ್ಳುವಂತೆ ಮಾಡಿದ್ದು ಒಂದು ಹೆಬ್ಬೆರಳು. ಹಗಲು ಸಣ್ಣ ಕೆಲಸ, ಸಂಜೆ ಕಾಲೇಜು ಎಂದು ಓದಿ ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದ ಹೊಸತು. ಗಿರಣಿ ಪ್ರದೇಶದ ಒಂದು ಶಾಖೆಯಲ್ಲಿ ಉಳಿತಾಯ ಖಾತೆಯ ಕೌಂಟರಿನಲ್ಲಿ ಕುಳಿತಿದ್ದೆ. ರತ್ನಾಗಿರಿ ಕಡೆಯ ವೃದ್ಧರೊಬ್ಬರು ಖಾತೆ ತೆರೆಯಲು ಬಂದರು. ಓದುಬರಹ ಇಲ್ಲ. ಅಕ್ಷರ ಬಾರದ ಗಂಡಸರಿಂದ ಎಡಗೈ ಹೆಬ್ಬೆರಳಿನ ಗುರುತು ಪಡೆಯುವುದು ಬ್ಯಾಂಕಿನ ರೂಢಿ. ನಾನು ಶಾಯಿಯ ಪ್ಯಾಡು ಮುಂದೆ ತಳ್ಳಿ ಅವರ ಎಡಗೈ ಹಿಡಿದರೆ ಅಲ್ಲಿ ಹೆಬ್ಬೆರಳೇ ಇಲ್ಲ. ನಾನು ತಬ್ಬಿಬ್ಬಾದದ್ದು ಕಂಡು ಅವರೇ ನಕ್ಕು ಬಲಗೈ ಮುಂದೆ ಮಾಡಿದರು. ಗಿರಣಿಯ ಕಾರ್ಡಿಂಗ್ ಖಾತೆಯ ಯಂತ್ರ ಅದನ್ನು ತೆಗೆದುಕೊಂಡು ಇಪ್ಪತ್ತು ವರ್ಷ ಆಗಿತ್ತು. ಅದರ ಬಾಬ್ತು ತಿಂಗಳು ತಿಂಗಳು ಬರುವ ಇ.ಎಸ್.ಐ. ಪಿಂಚಣಿಯನ್ನು ಇಡಲೆಂದೇ ಅವರು ಖಾತೆ ತೆರೆಯಲು ಬಂದದ್ದು. ಹೆಬ್ಬೆರಳಿಗೆ ನೂರಕ್ಕೆ ಮೂವತ್ತು ಎಂದು ತಮ್ಮ ದರವನ್ನು ಅವರು ಬಾಯಿಪಾಠ ಒಪ್ಪಿಸಿದರು.

ಮನುಷ್ಯನ ಬೆರಳಿಗೆ ಶೇಕಡಾವಾರು ದರ ಕಟ್ಟಿದವರು ಯಾರು ಎಂಬ ಪ್ರಶ್ನೆ ಅಂದು ಹುಟ್ಟಿತು. ಲೆಕ್ಕದ ಮನುಷ್ಯನಾದ್ದರಿಂದ ಬಿಡದೆ ಹಿಂದಕ್ಕೆ ಹೋದೆ. ಆ ಪಟ್ಟಿ ಈ ದೇಶದಲ್ಲಿ ಮೊದಲು ಅಚ್ಚಾದದ್ದು 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ. ಆ ಕಾಯ್ದೆ ಕೇಂದ್ರ ಶಾಸನ ಸಭೆಗೆ ಬಂದಾಗ ಕಾರ್ಮಿಕರ ಪ್ರತಿನಿಧಿ ಎಂಬ ಹೆಸರಿನಲ್ಲಿ ಅಲ್ಲಿ ಕುಳಿತಿದ್ದವರು ನಮ್ಮ ರಸ್ತೆಯ ಜೋಶಿಯವರು.

ನಾರಾಯಣ ಮಲ್ಹಾರ್ ಜೋಶಿ ಹುಟ್ಟಿದ್ದು 1879ರ ಜೂನ್ 5ರಂದು, ಗೋರೆಗಾಂವ್‌ನಲ್ಲಿ. ನಮ್ಮ ಪಶ್ಚಿಮ ರೈಲ್ವೆಯ ಗೋರೆಗಾಂವ್ ಅಲ್ಲ, ಆಗಿನ ಕುಲಾಬಾ, ಈಗಿನ ರಾಯಗಡ ಜಿಲ್ಲೆಯ ಹಳ್ಳಿ. ಕೊಂಕಣದ ಆ ಪಟ್ಟಿಯಿಂದಲೇ ಮುಂಬಯಿಯ ಗಿರಣಿಗಳಿಗೆ ಸಾವಿರಗಟ್ಟಲೆ ಜನ ಬಂದರು. ಆದರೆ ಜೋಶಿಯವರು ಗಿರಣಿಗೆ ಹೋಗುವ ಮನೆಯವರಲ್ಲ. ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಓದಿ, ಡೆಕ್ಕನ್ ಕಾಲೇಜಿನಿಂದ 1901ರಲ್ಲಿ ಪದವಿ ಪಡೆದು, ಕೆಲವು ವರ್ಷ ಶಾಲಾ ಮಾಸ್ತರಿಕೆ ಮಾಡಿದರು. ಮಾಸ್ತರರಾಗಿಯೇ ನಿವೃತ್ತರಾಗಬಹುದಿತ್ತು. 1909ರಲ್ಲಿ ಗೋಪಾಲಕೃಷ್ಣ ಗೋಖಲೆಯವರ ಭಾರತ ಸೇವಕ ಸಮಾಜವನ್ನು ಸೇರಿದರು. ಸಮಾಜದ ಸದಸ್ಯರಿಗೆ ಸ್ವಂತ ಗಳಿಕೆ ಎಂಬುದಿಲ್ಲ. ಸಂಸಾರ ಸಾಗುವಷ್ಟು ಸಣ್ಣ ಭತ್ಯೆ, ಬದುಕಿಡೀ ಸಾರ್ವಜನಿಕ ಕೆಲಸ. ಸಮಾಜದ ಮರಾಠಿ ಪತ್ರಿಕೆ ಜ್ಞಾನಪ್ರಕಾಶದಲ್ಲಿ ಕೆಲ ಕಾಲ ದುಡಿದು ಮುಂಬಯಿಗೆ ಬಂದರು.

1911ರಲ್ಲಿ ಅವರು ಇಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಸ್ಥಾಪಿಸಿದರು. ಪರೇಲಿನ ದಾಮೋದರ ಹಾಲ್ ಎಂದರೆ ನಾಟಕಪ್ರಿಯ ಮುಂಬಯಿಗರಿಗೆ ಥಟ್ಟನೆ ನೆನಪಾದೀತು. ಅದು ಇದೇ ಲೀಗಿನ ಸಭಾಗೃಹ. ಗಿರಣಗಾಂವ್‌ನ ಚಾಳುಗಳ ನಡುವೆ ಲೀಗ್ ರಾತ್ರಿ ಶಾಲೆ, ವಾಚನಾಲಯ, ಔಷಧಾಲಯ, ಸಹಕಾರಿ ಸಂಘ, ವ್ಯಾಯಾಮ ಶಾಲೆ ನಡೆಸಿತು. ಬಡವರಿಗೆ ಕೋರ್ಟು ಕಚೇರಿಯ ವಿಷಯದಲ್ಲಿ ಪುಕ್ಕಟೆ ಸಲಹೆ ಕೊಟ್ಟಿತು. ಅದೇ ಕಾಲದಲ್ಲಿ ನಮ್ಮ ಊರುಗಳಿಂದ ಬಂದವರೂ ಈ ನಗರದಲ್ಲಿ ರಾತ್ರಿ ಶಾಲೆಗಳನ್ನು ಕಟ್ಟುತ್ತಿದ್ದರು. ಹಗಲು ಲೋಟ ತೊಳೆದು ರಾತ್ರಿ ಪಾಟಿ ಹಿಡಿದ ಎಷ್ಟೋ ಹುಡುಗರು ಮುಂದೆ ಬ್ಯಾಂಕುಗಳಲ್ಲಿ, ಕೋರ್ಟುಗಳಲ್ಲಿ ಕುಳಿತರು. ಸಂಜೆ ಕಾಲೇಜಿನ ಬೆಂಚಿನಲ್ಲಿ ತೂಕಡಿಸಿದ ನನಗೆ ಜೋಶಿಯವರ ಮೇಲೆ ಮಮತೆ ಹುಟ್ಟಲು ಈ ರಾತ್ರಿ ಶಾಲೆಗಳೇ ಸಾಕಿದ್ದವು.

ಚಾಳುಗಳಲ್ಲಿ ಅವರು ಕಂಡ ಬದುಕನ್ನು ಊಹಿಸುವುದು ಕಷ್ಟವಲ್ಲ. ಒಂದು ಕೋಣೆಯಲ್ಲಿ ಪಾಳಿಯ ಮೇಲೆ ಮಲಗುವ ಹತ್ತು ಜನ. ಊರಿಗೆ ಹೋಗಬೇಕಾದ ಮನಿಆರ್ಡರು. ಮಧ್ಯೆ ಒಬ್ಬನ ಕೈ ಯಂತ್ರದ ಪಟ್ಟಿಗೆ ಸಿಕ್ಕಿತು ಎಂದರೆ ಮರುದಿನದಿಂದ ಅವನ ಸಂಬಳ ನಿಂತಿತು. ಜಾಬರ್ ಬೇರೆಯವನನ್ನು ತಂದು ಆ ಜಾಗದಲ್ಲಿ ನಿಲ್ಲಿಸುತ್ತಿದ್ದ. ಮಾಲಿಕ ದಯಾಳುವಾದರೆ ಹತ್ತೋ ಇಪ್ಪತ್ತೋ ರೂಪಾಯಿ, ಊರಿಗೆ ಹೋಗುವ ದಾರಿಖರ್ಚು. ದಯೆ ಇಲ್ಲದಿದ್ದರೆ ಅದೂ ಇಲ್ಲ. ಕಾನೂನು ಇರಲಿಲ್ಲವೇ ಎಂದರೆ 1855ರದ್ದೊಂದು ಇತ್ತು. ಅದು ಸತ್ತವನ ಮನೆಯವರಿಗೆ ದಾವೆ ಹೂಡುವ ಅವಕಾಶ ಕೊಡುತ್ತಿತ್ತು, ಆದರೆ ಮಾಲಿಕನ ತಪ್ಪಿನಿಂದಲೇ ಸಾವು ಬಂತೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ರತ್ನಾಗಿರಿಯ ಹಳ್ಳಿಯ ವಿಧವೆ ಮುಂಬಯಿಯ ಬ್ಯಾರಿಸ್ಟರನ್ನು ಎಲ್ಲಿಂದ ತರಬೇಕು? ಜರ್ಮನಿಯಲ್ಲಿ 1884ರಲ್ಲೇ ಅಪಘಾತ ವಿಮೆ ಬಂದಿತ್ತು, ಇಂಗ್ಲೆಂಡಿನಲ್ಲಿ 1897ರಲ್ಲಿ ಪರಿಹಾರ ಕಾಯ್ದೆ ಬಂದಿತ್ತು. ಮ್ಯಾಂಚೆಸ್ಟರಿನಲ್ಲಿ ತುಂಡಾದ ಬೆರಳಿಗೆ ಹಣವಿತ್ತು, ಅದೇ ಮಾದರಿಯ ಯಂತ್ರದಲ್ಲಿ ಮುಂಬಯಿಯಲ್ಲಿ ತುಂಡಾದ ಬೆರಳಿಗೆ ಇರಲಿಲ್ಲ.

ಮೊದಲ ಮಹಾಯುದ್ಧ ಮುಗಿದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು. 1919ರಲ್ಲಿ ವಾಶಿಂಗ್ಟನ್ನಿನಲ್ಲಿ ಅದರ ಮೊದಲ ಸಮ್ಮೇಳನ ನಡೆದಾಗ ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಸರಕಾರ ಕಳುಹಿಸಿದ್ದು ಜೋಶಿಯವರನ್ನು. ಮುಂದೆ ಅದರ ಆಡಳಿತ ಮಂಡಳಿಯಲ್ಲೂ ಅವರು ಬಹಳ ಕಾಲ ಕೆಲಸ ಮಾಡಿದರು. 1920ರ ಅಕ್ಟೋಬರ್ 31ರಂದು ಮುಂಬಯಿಯ ಎಂಪಾಯರ್ ಥಿಯೇಟರಿನಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಜೋಶಿಯವರೂ ಇದ್ದರು. 1921ರಲ್ಲಿ ಕೇಂದ್ರ ಶಾಸನ ಸಭೆಗೆ ಕಾರ್ಮಿಕರ ಪರವಾಗಿ ನಾಮಕರಣಗೊಂಡರು. ಅಲ್ಲಿಂದ ಸ್ವಾತಂತ್ರ್ಯದವರೆಗೆ, ಸುಮಾರು ಕಾಲು ಶತಮಾನ ಅದೇ ಕುರ್ಚಿ. ಚುನಾವಣೆ ಗೆದ್ದು ಬಂದ ಸ್ಥಾನವಲ್ಲ, ಸರಕಾರ ಕೊಟ್ಟದ್ದು. ಇದನ್ನು ಅವರ ವಿರೋಧಿಗಳು ಕೊನೆಯವರೆಗೂ ಎತ್ತಿ ಆಡಿದರು.

ಆ ಕುರ್ಚಿಯಲ್ಲಿ ಕುಳಿತು ಅವರು ಮಾಡಿದ್ದು ಘೋಷಣೆಯಲ್ಲ, ತಿದ್ದುಪಡಿ. ಅಂಕಿ ಅಂಶ ಸೇರಿಸಿ, ಒಂದೊಂದು ಕಲಮನ್ನು ಹಿಡಿದು ಕೇಳುವುದು, ಸೋತರೆ ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳುವುದು. ಕಾರ್ಮಿಕ ಪರಿಹಾರ ಕಾಯ್ದೆ 1923ರ ಮಾರ್ಚಿನಲ್ಲಿ ಅಂಗೀಕಾರವಾಗಿ 1924ರ ಜುಲೈ 1ರಿಂದ ಜಾರಿಗೆ ಬಂತು. ಮಸೂದೆ ಸರಕಾರದ್ದು, ಒತ್ತಾಯದ ಧ್ವನಿ ಜೋಶಿಯವರಂಥ ಕೆಲವರದ್ದು. ಹಾಗೆಂದು ಅದನ್ನು ಅವರೊಬ್ಬರೇ ತಂದರು ಎನ್ನುವುದು ಸರಿಯಲ್ಲ.

ಈ ಕಾಯ್ದೆಯಲ್ಲಿ ಏನಿತ್ತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಇಂದು ಅಂಗವೈಕಲ್ಯಕ್ಕೆ ಸರಕಾರ ಕೊಡುವ, ಕೊಡಿಸುವ ಎಷ್ಟೋ ಹಣದ ಲೆಕ್ಕಾಚಾರಕ್ಕೆ ಬೇರು ಅಲ್ಲಿದೆ.

ಮೊದಲನೆಯದಾಗಿ, ಮಾಲಿಕನ ತಪ್ಪನ್ನು ಸಾಬೀತು ಮಾಡುವ ಅಗತ್ಯ ಹೋಯಿತು. ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ ಗಾಯವಾದರೆ ಸಾಕು, ಹಣ ಕೊಡಬೇಕು. ಕುಡಿದಿದ್ದರೆ, ಬೇಕೆಂದೇ ಆಜ್ಞೆ ಮೀರಿದ್ದರೆ, ಯಂತ್ರದ ರಕ್ಷಣಾ ಕವಚವನ್ನು ತಾನೇ ತೆಗೆದಿದ್ದರೆ ಇಲ್ಲ. ಕಾರ್ಮಿಕ ಸತ್ತರೆ 30 ತಿಂಗಳ ಸಂಬಳ ಅಥವಾ 2,500 ರೂ., ಯಾವುದು ಕಡಿಮೆಯೋ ಅದು. ಬದುಕಿ ಉಳಿದು ಶಾಶ್ವತವಾಗಿ ಯಾವ ಕೆಲಸಕ್ಕೂ ಬಾರದವನಾದರೆ 42 ತಿಂಗಳ ಸಂಬಳ ಅಥವಾ 3,500 ರೂ., ಇಲ್ಲೂ ಕಡಿಮೆಯದ್ದೇ. ತಿಂಗಳಿಗೆ 30 ರೂ. ಪಡೆಯುವವನು ಎಂದಿಟ್ಟುಕೊಳ್ಳೋಣ. ಸತ್ತರೆ ಮನೆಗೆ 900 ರೂ., ಎರಡೂ ಕಣ್ಣು ಹೋದರೆ 1,260 ರೂ. ಸತ್ತವನಿಗಿಂತ ಬದುಕಿದವನಿಗೆ ಹೆಚ್ಚು ಏಕೆಂದರೆ ಅವನ ಊಟದ ಖರ್ಚು ಉಳಿದಿದೆ. ಓದುವಾಗ ಎದೆ ಧಸಕ್ಕೆನ್ನುತ್ತದೆ, ಆದರೆ ಲೆಕ್ಕ ಸರಿಯಾಗಿಯೇ ಇದೆ.

ಆಮೇಲೆ ಅಂಗಗಳ ಪಟ್ಟಿ. ಬಲಗೈ ಮೊಣಕೈಯಿಂದ ಮೇಲೆ ಹೋದರೆ ಶೇ. 70, ಎಡಗೈ ಆದರೆ ಶೇ. 60. ಕಾಲು ಮೊಣಕಾಲಿನಿಂದ ಮೇಲೆ ಹೋದರೆ 60, ಕೆಳಗೆ 50. ಎರಡೂ ಕಿವಿ ಪೂರ್ತಿ ಕೇಳದಾದರೆ 50. ಒಂದು ಕಣ್ಣಿಗೆ 30. ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಉಳಿದ ಬೆರಳಿಗೆ ತಲಾ 5. ಅಂದರೆ ನಮ್ಮ ರತ್ನಾಗಿರಿಯ ಅಜ್ಜ 1924ರಲ್ಲಿ 30 ರೂ. ಸಂಬಳದವನಾಗಿದ್ದರೆ ಹೆಬ್ಬೆರಳಿಗೆ 1,260ರ ಕಾಲು ಭಾಗ, 315 ರೂ. ಒಂದೇ ಸಲ ಸಿಕ್ಕಿ ವ್ಯವಹಾರ ಮುಗಿಯುತ್ತಿತ್ತು. ಎಡಗೈಯಲ್ಲೇ ದುಡಿಯುವವನ ಗತಿ ಏನು ಎಂದು ಪಟ್ಟಿ ಮಾಡಿದವರು ಯೋಚಿಸಿದಂತಿಲ್ಲ. ಆ ಬಲ ಎಡ ಭೇದ ಮುಂದಿನ ತಿದ್ದುಪಡಿಗಳಲ್ಲಿ ಹೋಯಿತು, ಹೆಬ್ಬೆರಳು 30ಕ್ಕೆ ಏರಿತು.

ಕಾಯ್ದೆಯ ಮುಳ್ಳು ಇದ್ದದ್ದು ಸಣ್ಣ ಗಾಯಗಳ ವಿಷಯದಲ್ಲಿ. ಕೆಲ ಕಾಲ ಮಾತ್ರ ಕೆಲಸಕ್ಕೆ ಹೋಗಲಾಗದವನಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ, ಹೆಚ್ಚೆಂದರೆ 15 ರೂ. ಆದರೆ ಮೊದಲ ಹತ್ತು ದಿನಕ್ಕೆ ಏನೂ ಇಲ್ಲ. ಗಿರಣಿಯ ಗಾಯಗಳಲ್ಲಿ ಎಷ್ಟೋ ಹತ್ತು ದಿನದೊಳಗೆ ಒಣಗುವಂಥವು, ಅಥವಾ ಒಣಗುವ ಮೊದಲೇ ಹೊಟ್ಟೆಪಾಡಿಗೆ ಕೆಲಸಕ್ಕೆ ಓಡಬೇಕಾದಂಥವು. ರೋಗಗಳ ಪಟ್ಟಿಯಲ್ಲಿ ಸೀಸದ ವಿಷ, ರಂಜಕದ ವಿಷ, ಆಂತ್ರಾಕ್ಸ್ ಇದ್ದವು. ಹತ್ತಿಯ ಧೂಳು ಕುಡಿದು ಎದೆ ಕಟ್ಟುವ ಗಿರಣಿ ಕಾರ್ಮಿಕನ ಕೆಮ್ಮು ಇರಲಿಲ್ಲ. ಅದು ಪಟ್ಟಿಗೆ ಸೇರಿದ್ದು ಬಹಳ ಕಾಲದ ನಂತರ. ಒಳ್ಳೆಯದೂ ಇತ್ತು. ಸತ್ತವನ ಹಣವನ್ನು ಮಾಲಿಕ ನೇರವಾಗಿ ಯಾರ ಕೈಗೂ ಕೊಡುವಂತಿಲ್ಲ, ಕಮಿಶನರರ ಬಳಿ ಠೇವಣಿ ಇಡಬೇಕು. ಸಹಿ ಮಾಡಲು ಬಾರದ ಹೆಂಗಸಿನಿಂದ ಐವತ್ತು ರೂಪಾಯಿಗೆ ಐನೂರರ ರಸೀತಿ ಪಡೆಯುವ ದಾರಿ ಮುಚ್ಚಿತು. ಬ್ಯಾಂಕಿನವನಾದ ನನಗೆ ಇಡೀ ಕಾಯ್ದೆಯಲ್ಲಿ ಅತ್ಯಂತ ಮೆಚ್ಚುಗೆಯಾದ ಕಲಮು ಇದೇ.

1924ರಲ್ಲಿ ಜೋಶಿಯವರು ಹೆರಿಗೆ ಭತ್ಯೆಯ ಖಾಸಗಿ ಮಸೂದೆ ತಂದರು. ಹೆರಿಗೆಯ ಮುಂಚೆ ಮತ್ತು ನಂತರ ಕೆಲಸ ಮಾಡಲಾಗದ ಹೆಂಗಸಿಗೆ ಹಣ ಕೊಡಬೇಕೆಂಬ ಮಾತು ಸಭೆಗೆ ಅತಿಯಾಯಿತು, ಮಸೂದೆ ಬಿತ್ತು. ಆದರೆ ಬಿದ್ದದ್ದು ಸುಮ್ಮನೆ ಹೋಗಲಿಲ್ಲ. ಮುಂಬಯಿ ಪ್ರಾಂತದ ಶಾಸನ ಸಭೆಯಲ್ಲಿ ಅದೇ ವಿಚಾರ ಮತ್ತೆ ಬಂತು, ಡಾ. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು, 1929ರಲ್ಲಿ ಕಾಯ್ದೆಯಾಯಿತು. 1926ರ ಟ್ರೇಡ್ ಯೂನಿಯನ್ ಕಾಯ್ದೆಯೂ 1921ರಲ್ಲಿ ಜೋಶಿಯವರು ಮಂಡಿಸಿದ ನಿರ್ಣಯದ ಫಲವೇ.

ಅದೇ 1926ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಬಾಂಬೆ ಟೆಕ್ಸ್‌ಟೈಲ್ ಲೇಬರ್ ಯೂನಿಯನ್ ಶುರುವಾಯಿತು. ಎರಡೇ ವರ್ಷದಲ್ಲಿ ಕೆಂಬಾವುಟದ ಗಿರಣಿ ಕಾಮಗಾರ್ ಯೂನಿಯನ್ ಅದನ್ನು ಮೀರಿ ಬೆಳೆಯಿತು. 1928ರ ಆರು ತಿಂಗಳ ಮಹಾ ಮುಷ್ಕರದಲ್ಲಿ ಇಬ್ಬರೂ ಜಂಟಿ ಸಮಿತಿಯಲ್ಲಿ ಕುಳಿತರು, ಆದರೆ ಮನಸ್ಸು ಕೂಡಲಿಲ್ಲ. ಜೋಶಿಯವರ ಸಾರ್ವಜನಿಕ ಬದುಕಿನ ದೊಡ್ಡ ಪರೀಕ್ಷೆ ಬಂದದ್ದು ಇದರ ಮರುವರ್ಷ.

1929ರಲ್ಲಿ ಬ್ರಿಟಿಷ್ ಸರಕಾರ ಭಾರತದ ಕಾರ್ಮಿಕರ ಸ್ಥಿತಿಗತಿಯ ಅಧ್ಯಯನಕ್ಕೆ ರಾಯಲ್ ಕಮಿಶನ್ ನೇಮಿಸಿತು. ಜೋಶಿಯವರು ಅದರ ಸದಸ್ಯರಲ್ಲಿ ಒಬ್ಬರು. ದೇಶ ಪೂರ್ಣ ಸ್ವರಾಜ್ಯದ ಕಡೆಗೆ ಹೊರಟಿತ್ತು, ಸೈಮನ್ ಕಮಿಶನ್ನಿಗೆ ಕಪ್ಪು ಬಾವುಟ ತೋರಿಸಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅದೇ ವರ್ಷ ನಾಗಪುರದಲ್ಲಿ ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ನಡೆದ ಟ್ರೇಡ್ ಯೂನಿಯನ್ ಕಾಂಗ್ರೆಸ್ ಅಧಿವೇಶನ ಕಮಿಶನ್ನನ್ನು ಬಹಿಷ್ಕರಿಸಲು ನಿರ್ಣಯಿಸಿತು. ತಾವು ಕಟ್ಟಲು ಕೈಜೋಡಿಸಿದ ಸಂಸ್ಥೆಯ ಮಾತು ಕೇಳಿ ಕಮಿಶನ್ ಬಿಡಬೇಕು, ಇಲ್ಲವೇ ಸಂಸ್ಥೆ ಬಿಡಬೇಕು. ಜೋಶಿಯವರು ಸಂಸ್ಥೆ ಬಿಟ್ಟರು. ಅವರೊಡನೆ ಹೊರಬಂದವರು ಬೇರೆ ಫೆಡರೇಶನ್ ಕಟ್ಟಿದರು. ಸರಕಾರದ ಮನುಷ್ಯ ಎಂಬ ಮಾತು ಅವರಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ಆಗ.

ಈ ನಿರ್ಧಾರ ಸರಿಯೋ ತಪ್ಪೋ ಎಂದು ಇತಿಹಾಸಕಾರರು ಜಗಳವಾಡಲಿ. ಸ್ವಾತಂತ್ರ್ಯದ ದೃಷ್ಟಿಯಿಂದ ಬಹಿಷ್ಕಾರದ ಪಕ್ಷಕ್ಕೂ ನ್ಯಾಯವಿತ್ತು ಎಂದು ನನಗನ್ನಿಸುತ್ತದೆ. ಆದರೆ ಕಮಿಶನ್ 1931ರಲ್ಲಿ ಕೊಟ್ಟ ವರದಿಯ ಬೆನ್ನಿಗೆ 1933ರಲ್ಲಿ ಕಾರ್ಮಿಕ ಪರಿಹಾರ ಕಾಯ್ದೆ ತಿದ್ದುಪಡಿಯಾಯಿತು. ಹತ್ತು ದಿನದ ಕಾಯುವಿಕೆ ಏಳು ದಿನಕ್ಕೆ ಇಳಿಯಿತು, ಪರಿಹಾರಕ್ಕೆ ಸಂಬಳದ ದರ್ಜೆವಾರು ಪಟ್ಟಿ ಬಂತು. ಮೂರು ದಿನದ ಲಾಭಕ್ಕಾಗಿ ಒಬ್ಬ ಮನುಷ್ಯ ತನ್ನ ಹೆಸರನ್ನು ಪಣಕ್ಕಿಟ್ಟ ಎಂದು ಹೇಳಿದರೆ ನಗೆಯಾಡಬಹುದು. ಕೈಗೆ ಬ್ಯಾಂಡೇಜು ಸುತ್ತಿ ಚಾಳಿನ ಮೆಟ್ಟಿಲಲ್ಲಿ ಕುಳಿತು ಎಂಟನೇ ದಿನ ಎಣಿಸುತ್ತಿದ್ದವನಿಗೆ ಅದು ನಗೆಯ ವಿಷಯವಾಗಿರಲಿಲ್ಲ. ಆ ಏಳು ದಿನ ಮೂರಕ್ಕೆ ಇಳಿಯಲು 1959ರವರೆಗೆ ಕಾಯಬೇಕಾಯಿತು.

ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೂ ಜೋಶಿಯವರು ಕಾರ್ಮಿಕರ ಪರವಾಗಿ ಹೋದರು. ಅಲ್ಲಿ ಅವರ ಜೊತೆಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬಿ. ಶಿವರಾವ್, ಬೆನಗಲ್ ಸಹೋದರರಲ್ಲಿ ಒಬ್ಬರು, ಮದರಾಸಿನ ಕಾರ್ಮಿಕ ಸಂಘಟಕರು. ಸಂವಿಧಾನ ತಜ್ಞ ಬಿ. ಎನ್. ರಾಯರ ಬಗ್ಗೆ ಅಭಿಮಾನದಿಂದ ಮಾತನಾಡುವ ನಾವು ಅವರ ಈ ಸಹೋದರನನ್ನು ಸ್ವಲ್ಪ ಮರೆತಿದ್ದೇವೆ.

ಪರಿಹಾರ ಕಾಯ್ದೆಯಲ್ಲಿ ಒಂದು ದೊಡ್ಡ ಕೊರತೆ ಉಳಿದೇ ಇತ್ತು. ಇಡಿಗಂಟು ಕೊಟ್ಟರೆ ಅದು ಉಳಿಯುವುದಿಲ್ಲ. ಪಠಾಣನ ಸಾಲ, ಅಂಗಡಿಯ ಬಾಕಿ, ತಂಗಿಯ ಮದುವೆ. ವರ್ಷದೊಳಗೆ 315 ರೂಪಾಯಿ ಕರಗುತ್ತದೆ, ಹೋದ ಬೆರಳು ಬರುವುದಿಲ್ಲ. ಜೊತೆಗೆ ಕೊಡುವವನು ಒಬ್ಬ ಮಾಲಿಕ. ಅವನು ತಪ್ಪಿಸಿಕೊಳ್ಳಲು ನೋಡುತ್ತಾನೆ. ಇದಕ್ಕೆ ಮದ್ದು ವಿಮೆ, ಎಲ್ಲರಿಂದ ಸ್ವಲ್ಪ ಸ್ವಲ್ಪ ವಸೂಲು ಮಾಡಿ ನಿಧಿ ಕಟ್ಟಿ ಅದರಿಂದ ತಿಂಗಳು ತಿಂಗಳು ಕೊಡುವುದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1927ರಲ್ಲೇ ಅನಾರೋಗ್ಯ ವಿಮೆಯ ಒಪ್ಪಂದಗಳನ್ನು ಮಾಡಿತ್ತು, ರಾಯಲ್ ಕಮಿಶನ್ನೂ ಆ ದಿಕ್ಕಿನಲ್ಲಿ ಬೆರಳು ತೋರಿಸಿತ್ತು. ಸರಕಾರ ಖರ್ಚಿನ ಕಾರಣ ಹೇಳಿ ಮುಂದೂಡುತ್ತಲೇ ಬಂತು. ಕೊನೆಗೆ ಪ್ರೊ. ಬಿ. ಪಿ. ಆದರ್ಕರ್ 1944ರಲ್ಲಿ ಆರೋಗ್ಯ ವಿಮೆಯ ವರದಿ ಕೊಟ್ಟರು. ಆಗ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ಇದ್ದದ್ದು ಡಾ. ಅಂಬೇಡ್ಕರರ ಕೈಯಲ್ಲಿ. 1948ರ ಏಪ್ರಿಲಿನಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ, ನಾವೆಲ್ಲ ಇ.ಎಸ್.ಐ. ಎನ್ನುವುದು, ಬಂತು. ಗಾಯಾಳುವಿಗೆ ಶಾಶ್ವತ ವೈಕಲ್ಯವಾದರೆ ಇಡಿಗಂಟಿನ ಬದಲು ಜೀವನ ಪರ್ಯಂತ ಮಾಸಿಕ ಹಣ. ಶೇಕಡಾವಾರು ಲೆಕ್ಕ ಮಾತ್ರ ಅದೇ ಹಳೆಯ ಮಾದರಿ.

ಇಷ್ಟರಲ್ಲಿ ಜೋಶಿಯವರು ಬಿಟ್ಟಿದ್ದ ಮನೆಗೆ ಮರಳಿದ್ದರು. ಒಡೆದ ಸಂಘಗಳು ಮತ್ತೆ ಕೂಡಿ 1940ರಿಂದ 1948ರವರೆಗೆ ಅವರು ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿ. ಒಮ್ಮೆ ಅವರನ್ನು ಹೀಯಾಳಿಸಿದ ಎಡಪಂಥೀಯರೇ ಅವರೊಡನೆ ಒಂದೇ ಕಚೇರಿಯಲ್ಲಿ ಕೆಲಸ ಮಾಡಿದರು. ಕೇಂದ್ರ ಸರಕಾರಿ ನೌಕರರ ಮೊದಲ ವೇತನ ಆಯೋಗದಲ್ಲೂ ಅವರು ಸದಸ್ಯರು. ವಯಸ್ಸು ಎಪ್ಪತ್ತಕ್ಕೆ ಹತ್ತಿರ.

ಇ.ಎಸ್.ಐ. ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ, ದಿಲ್ಲಿಗಳಲ್ಲಿ ಪ್ರಾರಂಭವಾಗಿ ಮುಂಬಯಿಗೆ ಬಂದದ್ದು 1954ರ ಅಕ್ಟೋಬರಿನಲ್ಲಿ. ಪರೇಲಿನ ಮಹಾತ್ಮಾ ಗಾಂಧಿ ಸ್ಮಾರಕ ಆಸ್ಪತ್ರೆ, ವರ್ಲಿ, ಮುಲುಂಡ್, ಕಾಂದಿವಲಿಯ ಕಾಮಗಾರ್ ಆಸ್ಪತ್ರೆಗಳು ಈ ಯೋಜನೆಯ ಸಲುವಾಗಿ ನಡೆದುಬಂದವು. ಯೋಜನೆ ಮುಂಬಯಿಗೆ ಬಂದು ಎಂಟು ತಿಂಗಳು ಆಗುವಾಗ, 1955ರ ಮೇ 30ರಂದು, ಇನ್ನಾರು ದಿನದಲ್ಲಿ 76 ತುಂಬಬೇಕಿದ್ದ ಜೋಶಿಯವರು ತೀರಿಕೊಂಡರು.

ಒಂದು ಮಾತನ್ನು ಹೇಳದೆ ಈ ಬರಹ ಮುಗಿಸಿದರೆ ನಮ್ಮವರಿಗೆ ನಾನು ಅನ್ಯಾಯ ಮಾಡಿದಂತೆ. ಜೋಶಿಯವರ ಕಾಲದ ಪರಿಹಾರ ಕಾಯ್ದೆ ಕಾರ್ಖಾನೆ, ಗಣಿ, ರೈಲ್ವೆ, ಹಡಗುಕಟ್ಟೆಗಳಿಗೆ ಅನ್ವಯಿಸಿತು. ತುಳು ಕನ್ನಡಿಗರ ಮಕ್ಕಳು ದುಡಿದದ್ದು ಹೆಚ್ಚಾಗಿ ಹೊಟೇಲುಗಳ ಭಟಾರಖಾನೆಯಲ್ಲಿ. ಕುದಿಯುವ ಎಣ್ಣೆಗೆ, ರುಬ್ಬುವ ಕಲ್ಲಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಕೈ ಸುಟ್ಟ ಹುಡುಗನಿಗೆ ಧಣಿಗಳ ಮನಸ್ಸೇ ಕಾಯ್ದೆ. ಮಗನಂತೆ ನೋಡಿ ಔಷಧ ಮಾಡಿಸಿದ ಧಣಿಗಳೂ ಇದ್ದರು, ಮಂಗಳೂರಿನ ಹಡಗು ಹತ್ತಿಸಿ ಕೈತೊಳೆದುಕೊಂಡವರೂ ಇದ್ದರು. ಬಂದರು ಕಾರ್ಮಿಕರನ್ನು ಸಂಘಟಿಸಿದ ಪಿ. ಡಿ'ಮೆಲ್ಲೊ, ಅವರ ಬಳಿ ಪಳಗಿ ಹೊಟೇಲು ಕಾರ್ಮಿಕರನ್ನೂ ಒಗ್ಗೂಡಿಸಿದ ಜಾರ್ಜ್ ಫೆರ್ನಾಂಡಿಸ್, ಇಬ್ಬರೂ ನಮ್ಮ ಮಂಗಳೂರಿನ ಕಡೆಯವರೇ ಎಂಬುದು ಕಾಕತಾಳೀಯವಲ್ಲ. ಹೊಟೇಲುಗಳು ಇ.ಎಸ್.ಐ. ವ್ಯಾಪ್ತಿಗೆ ಬಂದದ್ದು ನಿಧಾನವಾಗಿ, ಅದೂ ನೌಕರರ ಸಂಖ್ಯೆ ಇಷ್ಟಿದ್ದರೆ ಮಾತ್ರ ಎಂಬ ಷರತ್ತಿನೊಂದಿಗೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗನಿಗೆ ಅದೂ ಇಲ್ಲ. ಯಾವ ವಿಮೆಯೂ ಇಲ್ಲದ ಬಡ ಅಂಗವಿಕಲರಿಗೆ ಮಹಾರಾಷ್ಟ್ರ ಸರಕಾರ 1980ರಿಂದ ಸಂಜಯ್ ಗಾಂಧಿ ನಿರಾಧಾರ ಅನುದಾನ ನೀಡುತ್ತ ಬಂದಿದೆ. ತಿಂಗಳಿಗೆ 1,500 ರೂ. ಇದ್ದ ಆ ಹಣವನ್ನು ಅಂಗವಿಕಲರಿಗೆ 2,500 ರೂ.ಗೆ ಏರಿಸಲು 2025ರಲ್ಲಿ ನಿರ್ಧಾರವಾಯಿತು. ಅದಕ್ಕೆ ಆದಾಯದ ದಾಖಲೆ, ವೈಕಲ್ಯದ ಸರ್ಟಿಫಿಕೇಟು, ರಾಜ್ಯದಲ್ಲಿ ವಾಸವಿದ್ದ ಪುರಾವೆ ಬೇಕು. ಬ್ಯಾಂಕಿಗೆ ಬರುವ ಅಂಥವರ ಕೈಯಲ್ಲಿ ಕಾಗದದ ಕಟ್ಟು ನೋಡಿದರೇ ತಿಳಿಯುತ್ತದೆ.

1923ರ ಕಾಯ್ದೆಗೆ 2010ರಲ್ಲಿ ಹೆಸರು ಬದಲಾಯಿತು, ಕಾರ್ಮಿಕ ಹೋಗಿ ನೌಕರ ಬಂದ. ಅದನ್ನೂ ಇ.ಎಸ್.ಐ. ಕಾಯ್ದೆಯನ್ನೂ ಒಳಗೊಂಡ ಸಾಮಾಜಿಕ ಭದ್ರತಾ ಸಂಹಿತೆ 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಹೆಸರು ಎರಡು ಸಲ ಬದಲಾದರೂ, ಯಾವ ಅಂಗಕ್ಕೆ ನೂರಕ್ಕೆ ಎಷ್ಟು ಎಂಬ ಲೆಕ್ಕದ ಕ್ರಮ 1923ರದ್ದೇ.

ರತ್ನಾಗಿರಿಯ ಆ ಅಜ್ಜ ಬಹಳ ವರ್ಷ ನಮ್ಮ ಶಾಖೆಗೆ ಬರುತ್ತಿದ್ದರು. ಪಿಂಚಣಿ ದೊಡ್ಡ ಮೊತ್ತವೇನಲ್ಲ. ಆದರೆ 1982ರ ಮುಷ್ಕರದ ನಂತರ ಅವರ ಗಿರಣಿ ಚೇತರಿಸಿಕೊಳ್ಳಲೇ ಇಲ್ಲ. ಬೆರಳು ಇದ್ದವರಿಗೆ ಬಾಕಿಯೂ ಬಾರದೆ ಕೈ ಬರಿದಾಗಿದ್ದಾಗ, ಬೆರಳು ಕಳೆದುಕೊಂಡ ಇವರ ಖಾತೆಗೆ ಮಾತ್ರ ತಿಂಗಳು ತಪ್ಪದೆ ಹಣ ಬೀಳುತ್ತಿತ್ತು. ಚಾಳಿನ ಗೆಳೆಯರು ಅದನ್ನು ಹೇಳಿ ಅವರನ್ನು ಛೇಡಿಸುತ್ತಿದ್ದರಂತೆ. ಹಿಂತೆಗೆಯುವ ಚೀಟಿಗೆ ಬಲ ಹೆಬ್ಬೆರಳು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು, ನೋಟುಗಳನ್ನು ಉಳಿದ ನಾಲ್ಕು ಬೆರಳಿನಿಂದ ನಾನು ಎಣಿಸುವುದಕ್ಕಿಂತ ಬೇಗ ಎಣಿಸಿ, ಡಿಲೈಲ್ ರೋಡಿನ ಬಸ್ಸಿಗೆ ಹೊರಡುತ್ತಿದ್ದರು.